ವಾಸಣ್ಣನ ಇಲೆಕ್ಟ್ರಿಕ್ ಕನೆಕ್ಷನ್

ಮೊನ್ನೆ ನಮ್ಮ ಬಿಲ್ಡಿಂಗಿನ ಕೆಳಗೆ ಯಾರದೋ ಕಾರು ಕೆಟ್ಟು ನಿಂತಿತ್ತು. ನಾಲ್ಕೈದು ಹುಡುಗರು ಹಿಂದಿನಿಂದ ತಳ್ಳುತ್ತಿದ್ದರು. ತಳ್ಳುವುದೆಂದರೆ ಏನು, ಗೋಡೆಗೆ ಒರಗಿ ನಿಂತ ಹಾಗೆ ಕಾರಿಗೆ ಒರಗಿ ನಿಂತಿದ್ದರು. ಗ್ಯಾಲರಿಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದ ನಾನು ನನಗೇ ತಿಳಿಯದ ಹಾಗೆ ಎದ್ದು ನಿಂತು, "ಎರಡನೇ ಗೇರಿಗೆ ಹಾಕೋ! ಕ್ಲಚ್ ಈಗಽ ಬಿಡಬ್ಯಾಡ! ಓಡಲಿ, ಓಡಲಿ... ಹಾಂ, ಈಗ ಬಿಡು!" ಎಂದು ಮೂರನೆಯ ಮಾಳಿಗೆಯಿಂದ ಕೂಗಿದೆ. ಕಾರಿನಲ್ಲಿದ್ದ ಗುಜರಾತಿ ಹುಡುಗನಿಗೆ ನನ್ನ ಧಾರವಾಡ ಕನ್ನಡ ಎಷ್ಟು ತಿಳಿಯಿತೋ ದೇವರೇ ಬಲ್ಲ. ಆದರೆ ಕಾರು ಒಮ್ಮೆ ಕೆಮ್ಮಿ, ಸೀನಿ, ಹೊರಟೇಹೋಯಿತು.

ನನ್ನ ಸೊಸೆ ಒಳಗಿನಿಂದ ಓಡಿ ಬಂದಳು. "ಅತ್ತೆ, ಗಾಡಿ ಚಲಾಯಿಸೋದು ನಿಮ್ಗೆ ಕಬ್‌ಸೇ ಬರ್ತದೆ?" ಎಂದಳು.

"ಗಾಡಿ ನಡಸೋದು ಬರೂದಿಲ್ಲ," ಎಂದೆ. "ತಳ್ಳೋದು ಬರ್ತದ."

ಅವಳು ನಂಬಲಿಲ್ಲ. ನೀವಾದರೂ ನಂಬಬೇಕು. ಐವತ್ತರ ದಶಕದ ವಿಕ್ರೋಳಿಯಲ್ಲಿ ನಮ್ಮ ಚಾಳಿನ ಸಾಲುಮನೆಗಳಲ್ಲಿದ್ದವರಿಗೆಲ್ಲ ಈ ವಿದ್ಯೆ ಬರುತ್ತಿತ್ತು. ಅಲ್ಲಿನ ಹೆಣ್ಣುಮಕ್ಕಳು ರಂಗೋಲಿ ಹಾಕುವುದನ್ನು ಕಲಿತರೋ ಇಲ್ಲವೋ, ಬಸ್ಸು ಯಾವ ಕ್ಷಣಕ್ಕೆ ಗುಟುರು ಹಾಕುತ್ತದೆ ಎಂಬುದನ್ನು ಮಾತ್ರ ಬೆನ್ನಿನಿಂದಲೇ ಅರಿಯುತ್ತಿದ್ದರು.

ನಮ್ಮ ಅಪ್ಪ ಧಾರವಾಡದಿಂದ ಬಂದು ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದ. ನಾನು ಮೆಟ್ರಿಕ್ ಮುಗಿಸಿ ದಾದರಿನ ಕನ್ನಡ ಶಾಲೆಯೊಂದರಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ದಾದರಿನಿಂದ ವಿಕ್ರೋಳಿಗೆ ಲೋಕಲ್ಲಿನಲ್ಲಿ ಬರುವುದೇನೋ ಸುಖ. ಮೇಲೆ ತಂತಿ, ಒಳಗೆ ಗಾಳಿ, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಸ್ಟೇಷನ್. ಆಮೇಲೆ ಇತ್ತು ನೋಡಿ ಪ್ರಯಾಣ. ನಮ್ಮ ಚಾಳು ಗುಡ್ಡದ ಆಚೆ ಒಂದು ತಗ್ಗಿನಲ್ಲಿತ್ತು. ಸ್ಟೇಷನ್ನಿನಿಂದ ಹೊರಟು, ತಬೇಲಾದ ಎಮ್ಮೆಗಳ ನಡುವೆ ನುಸುಳಿ, ಏರು ಹತ್ತಿ, ಇಳಿದು ಮನೆ ಮುಟ್ಟುವುದರಲ್ಲಿ ಮನುಷ್ಯ ಅರ್ಧ ಸಂನ್ಯಾಸಿಯಾಗುತ್ತಿದ್ದ.

ಈ ದಾರಿಯಿಂದಾಗಿ ನನ್ನ ಮದುವೆ ನಿಂತಿತ್ತು. ಉತ್ಪ್ರೇಕ್ಷೆ ಅಲ್ಲ. ನನ್ನನ್ನು ನೋಡಲು ಮೊದಲು ಬಂದ ಹುಡುಗನ ಸೋದರಮಾವ ನಮ್ಮ ಮನೆ ಮುಟ್ಟಿದವನೇ ಮಂಚದ ಮೇಲೆ ಬಿದ್ದು ನಿದ್ದೆಹೋದ. ಹುಡುಗ ಅವನ ಕಾಲ ಬಳಿ ಕೂತು ತೂಕಡಿಸಿದ. ಎಚ್ಚರವಾದ ಮೇಲೆ ಇಬ್ಬರೂ ನೀರು ಕೇಳಿ ಕುಡಿದು, ನಮಸ್ಕಾರ ಮಾಡಿ ಹೋದರು. ತಾವು ಬಂದದ್ದು ಯಾತಕ್ಕೆ ಎಂಬುದೇ ಅವರಿಗೆ ನೆನಪಾಗಲಿಲ್ಲ. ಅಡುಗೆಮನೆಯಲ್ಲಿ ಸೀರೆ ಉಟ್ಟು ನಿಂತ ನಾನು ನಿಂತೇ ಇದ್ದೆ. ಎರಡನೆಯವರದು ಇನ್ನೂ ಚೆಂದ. ಅವರು ದಾರಿ ತಪ್ಪಿ ಇನ್ನೊಂದು ಚಾಳಿಗೆ ಹೋಗಿ, ಅಲ್ಲಿಯ ಹುಡುಗಿಯನ್ನು ನೋಡಿ, ಒಪ್ಪಿ, ಲಗ್ನವನ್ನೂ ಮಾಡಿಕೊಂಡರು. ಆ ಮದುವೆಗೆ ನಾವೆಲ್ಲ ಹೋಗಿ ಉಂಡು ಬಂದೆವು. ಬುಂದಿ ಚೆನ್ನಾಗಿತ್ತು.

"ಹುಡುಗಿದೇನೂ ಐಬಿಲ್ಲ," ಎಂದು ಅಪ್ಪ ಅವ್ವನಿಗೆ ಹೇಳುತ್ತಿದ್ದ. "ಐಬು ಇರೋದು ಸ್ಟೇಷನ್ನಿಂದ ಮನೀ ತನಕಾ."

ಸ್ಟೇಷನ್ನಿನ ಎದುರಿಗೆ ಉಡುಪಿ ಕಡೆಯ ವಾಸಣ್ಣನ ಹೋಟೆಲಿತ್ತು. ಅಪ್ಪ ಚಾಳಿನ ಗಂಡಸರನ್ನು ಕಟ್ಟಿಕೊಂಡು ಹೋಗಿ, ನೀವಾದರೂ ಒಂದು ಬಸ್ಸು ಹಾಕಿರಿ ಎಂದು ಅವನ ಬೆನ್ನು ಹತ್ತಿದ. ವಾಸಣ್ಣನಿಗೆ ಮಾತು ಹಿಡಿಸಿತು.

"ಹೌದು ಮಾರಾಯ್ರೆ," ಎಂದ. "ಈ ರೈಲು ಜನರನ್ನು ತಂದು ಇಲ್ಲಿ ಸುರಿದು ಹೋಗ್ತದೆ. ಮತ್ತೆ ಹೆಕ್ಕುವವರು ಯಾರು? ಯಾರೂ ಇಲ್ಲ. ನಾನು ಹೆಕ್ತೇನೆ."

ಹಾಗೆ ಬಂತು ಬಸ್ಸು. ಅದು ಮೂಲತಃ ಬಸ್ಸಲ್ಲ, ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ಲಾರಿ. ಅದರ ಮೇಲೆ ಮರದ ಗೂಡು ಕಟ್ಟಿಸಿ, ಹೋಟೆಲಿನ ಹಳೆಯ ಬೆಂಚುಗಳನ್ನು ಜಡಿದಿದ್ದ. ಹೊರಗಡೆ 'ಇಲೆಕ್ಟ್ರಿಕ್ ಟ್ರೇನ್ ಕನೆಕ್ಷನ್' ಎಂದು ದೊಡ್ಡ ಅಕ್ಷರದಲ್ಲಿ ಬರೆಸಬೇಕೆಂದು ಅವನ ಆಸೆ. ಪೇಂಟರು ಅಕ್ಷರಗಳನ್ನು ಅಷ್ಟು ದೊಡ್ಡದಾಗಿ ಬರೆದ ಎಂದರೆ ನಡುವಿನ 'ಟ್ರೇನ್'ಗೆ ಜಾಗ ಸಾಲಲಿಲ್ಲ. ಅದನ್ನು ಬಿಟ್ಟುಬಿಟ್ಟ. 'ಇಲೆಕ್ಟ್ರಿಕ್ ಕನೆಕ್ಷನ್' ಎಂದು ಉಳಿಯಿತು. ಬಹಳ ದಿನ ನಮ್ಮ ಚಾಳಿನ ಮುದುಕಿಯರು ಬಸ್ಸನ್ನು ಮುಟ್ಟುವ ಮೊದಲು ಕೊಡೆಯ ಮರದ ಹಿಡಿಯಿಂದ ತಿವಿದು, ಏನೂ ಆಗದ್ದನ್ನು ಖಾತ್ರಿ ಮಾಡಿಕೊಂಡು ಹತ್ತುತ್ತಿದ್ದರು.

ಕರೆಂಟಿನ ಭಯ ಸುಳ್ಳು. ಅದರಲ್ಲಿ ಕರೆಂಟು ಎನ್ನುವುದೇ ಇರಲಿಲ್ಲ. ಸೆಲ್ಫ್ ಸ್ಟಾರ್ಟರು ಯುದ್ಧದಲ್ಲೇ ಸತ್ತಿತ್ತು. ಮುಂದಿನಿಂದ ತಿರುಗಿಸುವ ಕಬ್ಬಿಣದ ಹ್ಯಾಂಡಲ್ಲು ಒಮ್ಮೆ ಹಿಂದಕ್ಕೆ ಒದ್ದು ಡ್ರೈವರ್ ಪಾಂಡುವಿನ ಮುಂಗೈ ಮುರಿದ ಮೇಲೆ, ಅವನು ಇನ್ನು ಇದನ್ನು ಮುಟ್ಟುವುದಿಲ್ಲ ಎಂದು ವಿಠ್ಠಲನ ಮೇಲೆ ಆಣೆ ಮಾಡಿದ. ಉಳಿದದ್ದು ತಳ್ಳುವುದೊಂದೇ. ಲೋಕಲ್ ಬಂದು ಜನ ಇಳಿದ ಕೂಡಲೇ ಚೀಲಗಳನ್ನು ಬಸ್ಸಿನೊಳಗೆ ಎಸೆದು ಹಿಂದೆ ಹೋಗಿ ನಿಲ್ಲುತ್ತಿದ್ದರು. ಬಸ್ಸು ಗುಟುರು ಹಾಕಿದ ಕ್ಷಣವೇ ಪಕ್ಕಕ್ಕೆ ಹಾರಿ, ಓಡಿ, ಹತ್ತಬೇಕು. ಹಾರದಿದ್ದರೆ ಹೊಗೆ, ಓಡದಿದ್ದರೆ ನಡಿಗೆ.

ವಾಸಣ್ಣನಿಗೆ ಇದರ ಬಗ್ಗೆ ಸಂಕೋಚವೇ ಇರಲಿಲ್ಲ. "ರೈಲಿಗೆ ಕರೆಂಟು ಬೇಕು. ನಮ್ಮ ಬಸ್ಸಿಗೆ ಪ್ಯಾಸೆಂಜರು ಸಾಕು," ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ಸ್ಟೇಷನ್ನಿನಲ್ಲಿ ನೆಲ ಸಮ, ತಳ್ಳಬಹುದು. ನಮ್ಮ ಚಾಳಿನ ತಗ್ಗಿನಲ್ಲಿ ಆಗದು. ಪಾಂಡು ಒಮ್ಮೆ ಮರೆತು ಅಲ್ಲಿ ಬಸ್ಸು ನಿಲ್ಲಿಸಿಬಿಟ್ಟಿದ್ದ. ಏರಿನ ಮೇಲಕ್ಕೆ ಅದನ್ನು ಎಳೆಯಲು ತಬೇಲಾದ ಎಮ್ಮೆಗಳೇ ಬರಬೇಕಾಯಿತು. ಆಮೇಲೆ ಆ ಎಮ್ಮೆಗಳು ಮುನಿಸಿಕೊಂಡು ಹಾಲು ಕೊಡುವುದನ್ನೇ ಬಿಟ್ಟವು. ತಬೇಲಾದ ಭೈಯಾ ಕೋಲು ಹಿಡಿದು ಬಂದು, ಮತ್ತೊಮ್ಮೆ ಕೇಳಿದರೆ ನೋಡಿ ಎಂದು ಹೋದ. ಅಂದಿನಿಂದ ನಿಯಮವಾಯಿತು. ತಗ್ಗಿನಲ್ಲಿ ಬಸ್ಸು ನಿಲ್ಲುವುದಿಲ್ಲ. ಚಾಳಿನ ಮುಂದಿನ ಮೈದಾನದಲ್ಲಿ ನಿಧಾನಕ್ಕೆ ಸುತ್ತು ಹಾಕುತ್ತದೆ. ಇಳಿಯುವವರು ಹಾರಬೇಕು, ಹತ್ತುವವರು ನೆಗೆಯಬೇಕು. ಎಡಗಾಲು ಮೊದಲು, ಮುಖ ಮುಂದಕ್ಕೆ. ನಾನಂತೂ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮಕ್ಕಳ ಪಾಟಿಗಳ ಚೀಲ ಹಿಡಿದು, ಸೆರಗು ಅಲುಗದಂತೆ ಇಳಿಯುತ್ತಿದ್ದೆ. ಇದನ್ನು ಬಡಾಯಿ ಎಂದುಕೊಂಡರೆ ಎಂದುಕೊಳ್ಳಿ. ಬೇರೆ ಯಾವ ಆಟದಲ್ಲೂ ನನಗೆ ಬಹುಮಾನ ಬಂದಿಲ್ಲ.

ಇಂಥ ದಿನಗಳಲ್ಲಿ ಬೆಳಗಾವಿ ಕಡೆಯವರೊಬ್ಬರು ನಂಟಸ್ತನ ಕೇಳಿದರು. ಹುಡುಗ ಮಾಧವ, ಶಹರದ ಕೋಟೆ ಭಾಗದ ಯಾವುದೋ ಆಫೀಸಿನಲ್ಲಿ ಗುಮಾಸ್ತ. ತಾಯಿ ಗಂಗಾಬಾಯಿಯೊಡನೆ ದಾದರಿನಲ್ಲಿದ್ದ. ತಂದೆ ಊರಲ್ಲಿ ಹೊಲ ನೋಡಿಕೊಂಡಿದ್ದರು. ಅಪ್ಪ ಅವರಿಗೆ ಎದೆ ಉಬ್ಬಿಸಿ ಹೇಳಿ ಬಂದ: "ನಡಿಯೋ ಮಾತಽ ಇಲ್ರೀ. ಸ್ಟೇಷನ್ನಿಂದ ಬಾಗಲ ತನಕಾ ಬಸ್ಸು!" ಬಸ್ಸನ್ನು ಯಾರು ಹೊರಡಿಸುತ್ತಾರೆ ಎಂಬುದನ್ನು ಹೇಳಲಿಲ್ಲ. ಬಾಗಿಲಲ್ಲಿ ಅದು ನಿಲ್ಲುವುದಿಲ್ಲ ಎಂಬುದನ್ನೂ ಹೇಳಲಿಲ್ಲ.

ಅವರು ಬಂದದ್ದು ಭಾನುವಾರ ಬೆಳಿಗ್ಗೆ. ಸ್ಟೇಷನ್ನಿನಲ್ಲಿ ನಡೆದದ್ದನ್ನು ನಾನು ಅವರನ್ನು ಕರೆತರಲು ಹೋಗಿದ್ದ ಅಪ್ಪನ ಬಾಯಿಂದಲೇ ಕೇಳಿದ್ದು. ಭಾನುವಾರ ಕಾರ್ಖಾನೆಗೆ ರಜೆ, ಹೀಗಾಗಿ ಲೋಕಲ್ಲಿನಿಂದ ಇವರಿಬ್ಬರನ್ನು ಬಿಟ್ಟರೆ ಯಾರೂ ಇಳಿಯಲಿಲ್ಲ. ಗಂಗಾಬಾಯಿ ಗಟ್ಟಿ ಮೈಯ, ಗಂಭೀರ ಮುಖದ ಹೆಂಗಸು. ಅವರನ್ನು ಬಸ್ಸಿನಲ್ಲಿ ಕೂರಿಸಿ, ಅಪ್ಪ, ವಾಸಣ್ಣ, ಹೋಟೆಲಿನ ಇಬ್ಬರು ಮಾಣಿಗಳು ಹಿಂದೆ ಹೋಗಿ ಹೆಗಲು ಕೊಟ್ಟರು. ಬಸ್ಸು ಅಲುಗಲಿಲ್ಲ. ಮಾಧವ ಬಿಳಿ ಪ್ಯಾಂಟು, ಬಿಳಿ ಶರ್ಟು, ಕನ್ನಡಿಯಂಥ ಬೂಟು ಹಾಕಿಕೊಂಡು ಪಕ್ಕದಲ್ಲಿ ನಿಂತಿದ್ದ.

"ನಾನೂ ಕೈ ಹಚ್ಚಲೇನ್ರೀ?" ಎಂದು ಕೇಳಿದ.

"ಛೇ ಛೇ, ನೀವು ಹುಡುಗನ ಕಡೆಯವರು!" ಎಂದ ಅಪ್ಪ. ಹೇಳುವಾಗಲೇ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟನಂತೆ.

ಐವರೂ ತಳ್ಳಿದರು. ಬಸ್ಸು ಉರುಳಿತು, ಢಮ್ ಎಂದಿತು, ಹೊರಟಿತು. ತಿಳಿದವರೆಲ್ಲ ಪಕ್ಕಕ್ಕೆ ಹಾರಿದರು. ತಿಳಿಯದವನು ಒಬ್ಬನೇ, ಹೊಗೆಯ ಬಾಯಿಗೆ ನೇರವಾಗಿ ಮುಖ ಕೊಟ್ಟು ನಿಂತ. ಅಪ್ಪ ಅಭ್ಯಾಸದ ಮೇಲೆ ಓಡಿ ಫುಟ್‌ಬೋರ್ಡು ಹತ್ತಿಬಿಟ್ಟ. ಹಿಂತಿರುಗಿ ನೋಡಿದರೆ ಹೊಗೆಯ ನಡುವೆ ತನ್ನ ಭಾವಿ ಅಳಿಯ ಎರಡು ಕಣ್ಣು ಮಾತ್ರ ಕಾಣುವಂತೆ ನಿಂತಿದ್ದಾನೆ.

"ನಿಲ್ಲಸ್ರೀ! ನನ್ನ ಮಗ ಉಳದಾನ!" ಎಂದು ಗಂಗಾಬಾಯಿ ಕೂಗಿದರು.

"ಥಾಂಬಾಯ್ಚಂ ನಾಹೀ, ಆಯೀ!" ಎಂದ ಪಾಂಡು.

"ನಿಂದ್ರಸೂ ಹಂಗಿಲ್ಲ ಅಂತಾನ್ರೀ," ಎಂದು ಅಪ್ಪ ಅನುವಾದ ಮಾಡಿದ. "ನಿಂತ್ರ ನಿಂತಽ ಹೋಗ್ತದ."

"ನಿಲ್ಲಲಿ ಅಂತಽ ಅಲ್ಲೇನ್ರೀ ನಾ ಹೇಳೋದು?" ಎಂದರು ಗಂಗಾಬಾಯಿ.

ಇಲ್ಲಿಂದ ಮುಂದೆ ನಾನೇ ಸಾಕ್ಷಿ. ಬಸ್ಸಿನ ಸದ್ದು ಕೇಳಿ ಅವ್ವ ಕಾಲಿಗೆ ನೀರು ಕೊಡಲು ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಳು. ನಾನು ಕಿಟಕಿಯಿಂದ ಇಣುಕಿದೆ. ಬಸ್ಸು ಮೈದಾನಕ್ಕೆ ಬಂದು ಸುತ್ತತೊಡಗಿತು. ಅಪ್ಪ ಹಾರಿ ಇಳಿದು ಪಕ್ಕದಲ್ಲಿ ಓಡುತ್ತ, "ಸಾವಕಾಶ ಇಳೀರಿ ಬಾಯಾರ, ಎಡಗಾಲು ಮೊದಲ!" ಎಂದು ಬೇಡಿಕೊಂಡ.

"ಹೋಗೋ ಗಾಡಿಯಿಂದ? ನಾನು?" ಎಂದು ಗಂಗಾಬಾಯಿ ಕಿಟಕಿಯ ಸರಳು ಗಟ್ಟಿಯಾಗಿ ಹಿಡಿದರು.

ಚಾಳಿಗೆ ಚಾಳೇ ಹೊರಗೆ ಬಂತು. ಒಬ್ಬರು ಸೀರೆ ಎತ್ತಿ ಕಟ್ಟಿರಿ ಎಂದರು, ಇನ್ನೊಬ್ಬರು ಕೆಳಗೆ ಗಾದಿ ಹಾಸೋಣ ಎಂದರು. ಬಸ್ಸು ನಮ್ಮ ಬಾಗಿಲ ಮುಂದೆ ಹಾದಾಗ ಅವ್ವ ತಂಬಿಗೆ ಕಂಕುಳಿಗೆ ಸೇರಿಸಿ ಕೈ ಮುಗಿದಳು. ಗಂಗಾಬಾಯಿ ಮರ್ಯಾದಸ್ಥರು, ಅಂಥ ಸಂಕಟದಲ್ಲೂ ಸರಳು ಬಿಟ್ಟು ತಿರುಗಿ ಕೈ ಮುಗಿದರು. ಮುಂದಿನ ಸುತ್ತಿನಲ್ಲಿ ಅವ್ವ ಮತ್ತೆ ಮುಗಿದಳು. ಅವರೂ ಮುಗಿದರು. ಇಬ್ಬರಲ್ಲಿ ಯಾರೂ ಮೊದಲು ಬಿಡಲು ತಯಾರಿಲ್ಲ. ಹೀಗೇ ಬಿಟ್ಟರೆ ಡೀಸೆಲ್ಲು ತೀರುವವರೆಗೂ ನಮಸ್ಕಾರ ನಡೆಯುವುದು ಖಂಡಿತ ಎನಿಸಿತು.

ಅಪ್ಪ ಏದುಸಿರು ಬಿಡುತ್ತ ಮನೆಗೆ ನುಗ್ಗಿದ. "ಸುಶೀ, ಅವರು ಇಳಿಯೂದಿಲ್ಲ. ಉಪ್ಪಿಟ್ಟು ತಗೊಂಡು ನೀನಽ ಹತ್ತು!"

ನಾನು ಇಳಕಲ್ ಸೀರೆ ಎತ್ತಿ ಸಿಕ್ಕಿಸಿ, ಉಪ್ಪಿಟ್ಟಿನ ತಾಟು ಹಿಡಿದು ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿ ನೆಗೆದೆ. ಮೇಲಿದ್ದ ಗೋಡಂಬಿ ಕೂಡ ಕದಲಲಿಲ್ಲ. ಆದರೆ ಪಾಂಡುವಿಗೆ ಹಿಂದೆ ಯಾರೋ ಹತ್ತಿದ್ದು ತಿಳಿಯಿತು, ಹತ್ತುವವರೆಲ್ಲ ಹತ್ತಿದರು ಎಂದುಕೊಂಡು ಬಸ್ಸನ್ನು ಏರಿಗೆ ತಿರುಗಿಸಿಬಿಟ್ಟ. "ಅಲ್ಲೋ ಪಾಂಡೂ!" ಎಂದು ಅಪ್ಪ ಕೂಗಿದ್ದು ಮೆಲ್ಲಗೆ ಹಿಂದೆ ಉಳಿಯಿತು.

ಹೀಗೆ ಆ ಬಸ್ಸಿನಲ್ಲಿ ಉಳಿದದ್ದು ಗಂಗಾಬಾಯಿ, ನಾನು, ಪಾಂಡು ಮತ್ತು ಉಪ್ಪಿಟ್ಟು. ನಾನು ತಾಟು ಕೊಟ್ಟು ನಮಸ್ಕಾರ ಮಾಡಲು ಬಗ್ಗಿದೆ. ಗುಂಡಿಯೊಂದು ಬಂದು ನನ್ನ ಹಣೆ ಅವರ ಮೊಣಕಾಲಿಗೆ ಬಡಿಯಿತು. ಅವರು ನೋವು ನುಂಗಿ, ಹುಡುಗಿ ನೋಡುವ ಕೆಲಸ ಶುರುಮಾಡಿದರು.

"ಹೆಸರೇನವಾ?"

"ಸುಶೀಲಾ."

ಎಂಜಿನ್ನಿನ ಅಬ್ಬರಕ್ಕೆ ಕೇಳಿಸಲಿಲ್ಲ. "ಏನು?"

"ಸುಶೀಲಾ, ಆಯೀ, ಸುಶೀಲಾ!" ಎಂದು ಮುಂದಿನಿಂದ ಪಾಂಡು ಕೂಗಿದ. ಆಮೇಲೆ ಎಲ್ಲ ಉತ್ತರವೂ ಅವನದೇ. ಅಡುಗೆ ಬರುತ್ತದೆಯೇ ಎಂದರೆ "ಫಸ್ಟ್ ಕ್ಲಾಸ್!" ಎಂದ, ಸಿಟ್ಟು ಬರುತ್ತದೆಯೇ ಎಂದರೆ "ಥೋಡಾ ಥೋಡಾ," ಎಂದ. ಕೊನೆಗೆ ಗಂಗಾಬಾಯಿ, "ಒಂದು ಹಾಡಾದರೂ ನೀನಽ ಹೇಳವಾ," ಎಂದರು. ನಾನೊಂದು ದೇವರ ನಾಮ ಎತ್ತಿಕೊಂಡೆ. ಬಸ್ಸು ಏರು ಹತ್ತುತ್ತಿತ್ತು, ಎಂಜಿನ್ನು ಶ್ರುತಿ ಹಿಡಿದಿತ್ತು. ಪಾಂಡು ಗೇರು ಬದಲಿಸಿದಾಗಲೆಲ್ಲ ಶ್ರುತಿ ಬದಲಾಗುತ್ತಿತ್ತು, ನಾನೂ ಬದಲಾಗುತ್ತಿದ್ದೆ. ಚರಣಕ್ಕೆ ಬರುವುದರಲ್ಲಿ ನಾನು ಹಾಡುತ್ತಿದ್ದೆನೋ ಸಹಾಯಕ್ಕೆ ಕೂಗುತ್ತಿದ್ದೆನೋ ನನಗೇ ತಿಳಿಯದಾಯಿತು.

ಗುಡ್ಡದ ನೆತ್ತಿಯಲ್ಲಿ ಒಬ್ಬ ಮನುಷ್ಯ ಎದುರಿಗೆ ನಡೆದು ಬರುತ್ತಿದ್ದ. ಅಡಿಯಿಂದ ಮುಡಿಯವರೆಗೆ ಕಪ್ಪು. ಯಾವುದೋ ಬಾಯ್ಲರಿನ ಕೆಲಸದವನು ಎಂದುಕೊಂಡೆ.

"ಅಯ್ಯ, ನನ್ನ ಮಾಧವ!" ಎಂದರು ಗಂಗಾಬಾಯಿ. "ಹತ್ತೋ, ಹತ್ತೋ!"

ಅವನು ತಿರುಗಿ ಬಸ್ಸಿನ ಜೊತೆ ಓಡಲು ಶುರುಮಾಡಿದ. ಓಡುವ ರೀತಿ ಪೂರಾ ತಪ್ಪು. ಮುಖ ಬಾಗಿಲ ಕಡೆ, ಕಾಲು ಗಟಾರಿನ ಕಡೆ. ಬೀಳುವುದು ನಿಶ್ಚಿತ ಎನಿಸಿ ನಾನು ಫುಟ್‌ಬೋರ್ಡಿಗೆ ಬಂದು ಕೈ ಚಾಚಿದೆ.

"ಕೈ ಕೊಡ್ರೀ! ಮುಂದ ನೋಡಿ ಓಡ್ರೀ! ನನ್ನ ನೋಡಬ್ಯಾಡ್ರೀ!" ಎಂದು ಕಿರುಚಿದೆ.

ನನ್ನನ್ನು ನೋಡಲೆಂದೇ ದಾದರಿನಿಂದ ಬಂದ ಮನುಷ್ಯ, ಪಾಪ, ಹೇಳಿದ ಮಾತು ಕೇಳಿದ. ಕತ್ತು ತಿರುಗಿಸಿ ಮುಂದೆ ನೋಡುತ್ತ ಓಡಿ ನನ್ನ ಕೈ ಹಿಡಿದ. ಅಷ್ಟರಲ್ಲಿ ಇಳಿಜಾರು ಬಂತು. ಬಸ್ಸು ಜೋರಾಯಿತು, ಅವನ ಒಂದು ಬೂಟು ಕಳಚಿ ಹಾರಿತು. ಬೂಟಿಲ್ಲದ ಕಾಲಿನಲ್ಲಿ ಕುಂಟುತ್ತ ಇನ್ನಷ್ಟು ದೂರ ಓಡಿದ. ಆಮೇಲೆ ಕೈ ಜಾರಿತು. ರಸ್ತೆಯ ನಡುವೆ ಪದ್ಮಾಸನ ಹಾಕಿದ ಹಾಗೆ ಕೂತುಬಿಟ್ಟ.

ನನಗೆ ನಗು ಬಂತು. ತಡೆಯಲು ನೋಡಿದೆ, ಮೂಗಿನಿಂದ ಬಂತು. ಗಂಗಾಬಾಯಿ ನನ್ನನ್ನೇ ನೋಡುತ್ತಿದ್ದರು.

ಸ್ಟೇಷನ್ನಿನಲ್ಲಿ ಬಸ್ಸು ಕೊನೆಗೂ ನಿಂತಿತು. ಗಂಗಾಬಾಯಿ ಇಳಿದು, ನೆಲ ಗಟ್ಟಿಯಿದೆಯೇ ಎಂದು ಕಾಲಿನಿಂದ ಒತ್ತಿ ನೋಡಿ, ಇನ್ನು ಆ ಬಸ್ಸು ಹತ್ತುವುದಿಲ್ಲ ಎಂದು ಹೋಟೆಲಿನ ಬೆಂಚಿನ ಮೇಲೆ ಕೂತರು. ವಾಸಣ್ಣ ಕಾಫಿ ತಂದಿಟ್ಟ. "ನಿಮ್ಮ ಹುಡುಗ ನಡ್ಕೊಂಡೇ ಹೋದ ಅಮ್ಮ. ದಾರಿ ನಾನೇ ತೋರ್ಸಿದ್ದು. ಎಂತ ಹೆದರ್ಬೇಡಿ, ಆ ದಾರಿಯಲ್ಲಿ ಹೋದವರು ಎಲ್ಲಿಯಾದ್ರೂ ಮುಟ್ಟಿಯೇ ಮುಟ್ತಾರೆ," ಎಂದು ಸಮಾಧಾನ ಹೇಳಿದ. ದಾರಿ ತಪ್ಪಿ ಬೇರೆ ಚಾಳಿನಲ್ಲಿ ಮದುವೆಯಾದವನ ನೆನಪಾಗಿ ನಾನು ಎದ್ದು ಗುಡ್ಡದ ದಾರಿಯ ಕಡೆ ನೋಡಿದೆ. ಆಗ ಗೊತ್ತಾಯಿತು ನನಗೆ, ಈ ಸಲ ಕೈ ತಪ್ಪಿಹೋಗುವುದು ನನಗೆ ಬೇಡವಾಗಿತ್ತು.

ಗಂಗಾಬಾಯಿ ಕಾಫಿಯ ಲೋಟ ಕೆಳಗಿಟ್ಟು ಕೇಳಿದರು. "ನನ್ನ ಮಗ ಬಿದ್ದಾಗ ನೀ ಯಾಕ ನಕ್ಕಿ?"

ಮುಚ್ಚಿಡಲು ಏನೂ ಉಳಿದಿರಲಿಲ್ಲ.

"ಅವರು ಬಿದ್ದದ್ದಕ್ಕ ನಗು ಬಂತು, ಖರೇ ಅದ," ಎಂದೆ. "ಆದ್ರ ಬೂಟು ಹೋದ ಮ್ಯಾಲೂ ಓಡಿದ್ರಲ್ಲ... ಆವಾಗ ಅಳು ಬಂದಂಗಾತು. ಎರಡೂ ಕೂಡೇ ಬಂದ್ರ ನನಗ ನಗೂನಽ ಮೊದಲ ಬರ್ತದರೀ."

ಅವರು ಮುಖ ಆಚೆ ತಿರುಗಿಸಿದರು. ಆಮೇಲೆ ಅವರ ಭುಜಗಳು ಅಲುಗಿದವು. ಅಳುತ್ತಿದ್ದಾರೆಂದು ಗಾಬರಿಯಾಗಿ ನೋಡಿದರೆ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. "ಸಣ್ಣಾವ ಇದ್ದಾಗಿಂದ ಹಿಂಗಽ ಅವಾ," ಎಂದರು. "ಹೆಂಗ ಕೂತಿದ್ದ ನೋಡು, ಗುಡಿಯೊಳಗ ಕೂತಂಗ!" ಉಪ್ಪಿಟ್ಟನ್ನು ಆಗ ಇಬ್ಬರೂ ಕೂಡಿ ತಿಂದೆವು. ತಣ್ಣಗಾಗಿತ್ತು.

ಈ ಬಸ್ಸಿನ ಗತಿ ಏನಾಯಿತೆಂದು ಇಲ್ಲಿಯೇ ಹೇಳಿಬಿಡುತ್ತೇನೆ, ಆಮೇಲೆ ಮರೆತೀತು. ಕೆಲವು ವರ್ಷಕ್ಕೆ ಆ ಕಡೆಗೂ ಊರಿನ ದೊಡ್ಡ ಬಸ್ಸುಗಳು ಬಂದವು. ಅವು ಪೂರ್ತಿ ನಿಲ್ಲುತ್ತಿದ್ದವು, ನಿಂತ ಮೇಲೆ ತಾವಾಗಿಯೇ ಹೊರಡುತ್ತಿದ್ದವು. ವಾಸಣ್ಣ ತನ್ನ ಬಸ್ಸನ್ನು ಹೋಟೆಲಿನ ಹಿತ್ತಿಲಲ್ಲಿ ನಿಲ್ಲಿಸಿ, ಚಕ್ರ ಬಿಚ್ಚಿ, 'ಫ್ಯಾಮಿಲಿ ರೂಮ್' ಎಂದು ಬೋರ್ಡು ಹಾಕಿದ. ಸಂಸಾರಸ್ಥರು ಕಿಟಕಿ ಪಕ್ಕ ಕೂತು ದೋಸೆ ತಿನ್ನುತ್ತಿದ್ದರು. ಪಾಂಡು ಡ್ರೈವರಿನ ಸೀಟಿನಲ್ಲಿ ಕೂತು ಚಟ್ನಿ ರುಬ್ಬುತ್ತಿದ್ದ.

ಅಂದು ಮಧ್ಯಾಹ್ನದ ಹೊತ್ತಿಗೆ ಗುಡ್ಡ ಇಳಿದು ಅಪ್ಪ ಬಂದ. ಅವನ ಹಿಂದೆ, ಅವನದೇ ಧೋತರ, ಅವನದೇ ದೊಗಳೆ ಅಂಗಿ ತೊಟ್ಟು ಮಾಧವ ಬಂದ. ನಮ್ಮ ಮನೆ ಮುಟ್ಟಿದಾಗ ಅವ್ವ ಅವನನ್ನು ಇದ್ದಲಿನವನೆಂದು ತಿಳಿದು, ಹಿಂದಿನ ಬಾಗಿಲಿಗೆ ಹೋಗು, ಈ ಸಲ ಇದ್ದಲು ಹಸಿಯಾಗಿತ್ತು ಎಂದು ಗದರಿದಳಂತೆ. ಅವನು ಎದುರು ಮಾತಾಡದೆ ಹಿಂದಿನ ಬಾಗಿಲಿಗೆ ಹೋಗಿ ನಿಂತಿದ್ದನಂತೆ. ಅಪ್ಪ ಗುರುತು ಹಿಡಿದ ಮೇಲೆ ಕಾಲಿನ ನೀರನ್ನು ತಲೆಗೇ ಹೊಯ್ದರು. ಹೀಗೆ ನಮ್ಮ ಮನೆಯವರು ಹುಡುಗನನ್ನು ನೋಡಿಯಾಗಿತ್ತು, ಅವನ ತಾಯಿ ನನ್ನನ್ನು ನೋಡಿಯಾಗಿತ್ತು. ಅವನು, ನಾನು ಮಾತ್ರ ನೋಡಿಕೊಂಡಿರಲಿಲ್ಲ.

ದಾದರಿನ ಕಡೆ ಹೋಗುವ ಲೋಕಲ್ಲಿನ ಹೊತ್ತಾಗಿತ್ತು. ಎಲ್ಲರೂ ಪ್ಲಾಟ್‌ಫಾರ್ಮಿಗೆ ಹೋದೆವು. ಗಂಗಾಬಾಯಿ ಲೇಡೀಸ್ ಡಬ್ಬಿ ಬರುವ ಕಡೆ ಹೋಗಿ ನಿಂತರು. ಅಪ್ಪ ನಮಗೆ ಬೆನ್ನು ಮಾಡಿ ಗೋಡೆಗೆ ಅಂಟಿಸಿದ್ದ ಟೈಂಟೇಬಲ್ಲನ್ನು ಪುರಾಣ ಓದುವಷ್ಟು ಭಕ್ತಿಯಿಂದ ಓದತೊಡಗಿದ. ಮಾಧವ ಒಂದು ಕಾಲಿಗೆ ಅಪ್ಪನ ಚಪ್ಪಲಿ, ಇನ್ನೊಂದಕ್ಕೆ ತನ್ನ ಬೂಟು ಹಾಕಿಕೊಂಡು ನಿಂತಿದ್ದ. ಕಿವಿಯ ಹಿಂದೆ ಇನ್ನೂ ಕಪ್ಪಿತ್ತು.

"ಈಗ ನೋಡಬಹುದೇನ್ರೀ?" ಎಂದ.

ನಾನು ತಲೆಯಾಡಿಸಿದೆ. ಅವನು ನೋಡಿದ. ನಾನೂ ನೋಡಿದೆ. ಲೋಕಲ್ಲು ಬಂದು ನಿಂತಿತು. ಯಾರೂ ತಳ್ಳದೆ, ಹೊಗೆ ಕಾರದೆ, ಅದು ಮರ್ಯಾದೆಯಿಂದ ನಿಂತಿತ್ತು. ಗಂಗಾಬಾಯಿ ಹತ್ತಿದರು. ಅವನ ಹಿಂದೆಯೇ ಬಾಗಿಲು ತೆರೆದಿತ್ತು, ಒಂದು ಹೆಜ್ಜೆ ಇಟ್ಟರೆ ಸಾಕಿತ್ತು. ಗಾಡಿ ಹೊರಟಿತು.

"ಅಯ್ಯ, ಗಾಡಿ! ನಿಮ್ಮ ತಾಯಿ ಹೊಂಟ್ರು!" ಎಂದೆ.

ಕಿಟಕಿಯಲ್ಲಿ ಕೂತ ಗಂಗಾಬಾಯಿ ಹಾದುಹೋದರು. ಕೂಗುತ್ತಾರೆಂದುಕೊಂಡಿದ್ದೆ. ಅವರು ನಗುತ್ತ, "ಮುಂದಿನ ಗಾಡಿಗೆ ಬಾ!" ಎಂದು ಕೈಬೀಸಿದರು. ಟೈಂಟೇಬಲ್ಲಿನಿಂದ ಅಪ್ಪ ತಿರುಗಿ, ಖಾಲಿ ಹಳಿಯನ್ನೂ ಇವನನ್ನೂ ನೋಡಿ ತಲೆಯ ಮೇಲೆ ಕೈ ಹೊತ್ತ.

"ಮತ್ತ ಬಿಟ್ಟು ಹೋತೇನ್ರೀ ನಿಮ್ಮನ್ನ?" ಎಂದ.

"ಇಲ್ರೀ ಮಾಮಾ," ಎಂದ ಮಾಧವ. "ಬಸ್ಸು ನನ್ನ ಬಿಟ್ಟು ಹೋತು. ಇದನ್ನ ನಾನಽ ಬಿಟ್ಟೆ."